ಹೆದರಿಸುವುದಕ್ಕೊಂದು ಅಂಕಿ

ಮಾತ್ರೆ ನುಂಗಿ ಅರ್ಧ ಗಂಟೆಯಾದರೂ ಗಂಟಲಲ್ಲಿ ಅದರ ಕಹಿ ಕೂತೇ ಇತ್ತು. ಮಲಗಲಾರದೆ, ಏಳಲೂ ಮನಸ್ಸಿಲ್ಲದೆ ಅವರು ಮಂಚದ ಅಂಚಿನಲ್ಲಿ ಕೂತು ಗೋಡೆಯಾಚೆಯ ಹಾಲ್‌ನ ಸದ್ದುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದರು. ಮೇಜು ಎಳೆದದ್ದು ಅಳಿಯ. ಮಗಳಾಗಿದ್ದರೆ ಎತ್ತಿ ಇಡುತ್ತಿದ್ದಳು. ಬರಿಗಾಲಲ್ಲಿ ಒಳಗೆ ಬಂದದ್ದು ಮಹಡಿಯ ಮನೆಯ ಡ್ರಾಯಿಂಗ್ ಟೀಚರು. ಸದ್ದು ಕೇಳಿ ಮನುಷ್ಯರನ್ನು ಗುರುತಿಸುವುದು ಹಳೆಯ ಚಾಳಿ, ನಿವೃತ್ತಿಯಾಗಿ ಹದಿಮೂರು ವರ್ಷವಾದರೂ ಬಿಟ್ಟಿರಲಿಲ್ಲ. ಬಸ್ ಡಿಪೋದಲ್ಲಿ ವಿಚಾರಣೆ ನಡೆಸುವುದು ಅವರ ಕೆಲಸ; ಸ್ಟೋರಿನ ಹಿಂದಿನ ಕಿಟಕಿಯಿಲ್ಲದ ಕೋಣೆ ಅವರದು. ಟೈರು ಕಾಣೆಯಾದರೆ, ಡೀಸೆಲ್ ಸೋರಿದರೆ, ಅಪಘಾತದ ವರದಿಯಲ್ಲಿ ಹೊಂದಾಣಿಕೆಯಾಗದಿದ್ದರೆ, ಡ್ರೈವರೋ ಮೆಕ್ಯಾನಿಕ್ಕೋ ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಕಾಯಬೇಕು. ಕಾಯುವವನು ಎಷ್ಟು ಸಲ ಕಾಲು ಬದಲಿಸಿದ ಎನ್ನುವುದರಲ್ಲೇ ಒಳಗಿದ್ದವರಿಗೆ ಅರ್ಧ ಗೊತ್ತಾಗಿಬಿಡುತ್ತಿತ್ತು. ಅವರು ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ಡಿಪೋದ ಜನ ಬೆನ್ನ ಹಿಂದೆ 'ಪಿಸುಮಾತು' ಎಂದು ಹೆಸರಿಟ್ಟಿದ್ದರು. 'ಪಿಸುಮಾತು ಕರೀತಿದೆ, ಹೋಗಪ್ಪಾ' ಎಂದು ಯಾರೋ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದ ದಿನ ಅವರಿಗೆ ಸಿಟ್ಟು ಬರುವುದರ ಬದಲು ಬೆನ್ನು ತಾನಾಗಿ ನೆಟ್ಟಗಾಗಿತ್ತು.

"ಅಪ್ಪ, ಎದ್ದಿದ್ದೀರಾ?" ಮಗಳು ಬಾಗಿಲು ತಟ್ಟಿ ಕೇಳಿದಳು. "ಇವತ್ತು ಡಾಕ್ಟರು ಬರಲ್ಲವಂತೆ. ಯಾವುದೋ ಹಸುವಿನ ಹೊಟ್ಟೇಲಿ ಕರು ಅಡ್ಡ ತಿರುಗಿದೆಯಂತೆ, ಹೋಗಿದ್ದಾರೆ. ನೀವು ಬಂದು ಕೂತ್ಕೋತೀರಾ? ಇಬ್ಬರೇ ಆದ್ರೆ ಆಟ ಸಪ್ಪೆ."

ಭಾನುವಾರದ ಮಧ್ಯಾಹ್ನದ ಈ ಆಟವನ್ನು ಅವರು ಎರಡು ವರ್ಷದಿಂದ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರು. ಕನ್ನಡಕದ ಅಂಗಡಿ ನಡೆಸುವ ಅಳಿಯ, ಡ್ರಾಯಿಂಗ್ ಟೀಚರು, ದನದ ಡಾಕ್ಟರು, ಎಲ್ಲ ನಲವತ್ತು ದಾಟಿದವರು, ಮೇಜಿನ ಸುತ್ತ ಕೂತು ತಾವು ಸೈನಿಕ, ತಾವು ಕಳ್ಳ, ತಾವು ವೈದ್ಯೆ ಎಂದು ಹೇಳಿಕೊಂಡು ಇಪ್ಪತ್ತು ಮುಖದ ದಾಳ ಉರುಳಿಸುವುದು. ಕತೆ ನಡೆಸುವವಳು ಮಗಳು. ಎದುರಾಗುವ ರಾಜ, ಭಟ, ಭಿಕಾರಿ ಎಲ್ಲರ ಬಾಯಿಯೂ ಅವಳದೇ. ಒಮ್ಮೊಮ್ಮೆ ಅವಳು ಮುದುಕನ ದನಿಯಲ್ಲಿ ಕೆಮ್ಮುವುದು ಕೇಳಿ ಅವರಿಗೆ ಒಂಟಿಯಾಗಿ ನಗು ಬಂದದ್ದುಂಟು. ಕರೆಯಲಿ ಎಂದು ಆಸೆಯಿತ್ತೇ? ಇದ್ದಿರಬೇಕು. ಇಲ್ಲದಿದ್ದರೆ ಅಷ್ಟು ಬೇಗ ಎದ್ದು ಅಂಗಿ ಬದಲಿಸಿಕೊಳ್ಳುತ್ತಿರಲಿಲ್ಲ.

ಡಾಕ್ಟರು ಆಡುವ ಪಾತ್ರದ ಹಾಳೆಯನ್ನು ಅವರ ಮುಂದಿಟ್ಟರು. ಆ ಪಾತ್ರ ಗಾಯಕ್ಕೆ ಸೊಪ್ಪು ಅರೆದು ಕಟ್ಟುವ ಒಬ್ಬ ಮುದುಕಿ. ಅವಳಿಗೆ ಏನೇನು ಬರುತ್ತದೆ ಎನ್ನುವುದಕ್ಕೆ ಒಂದೊಂದು ಅಂಕಿ. ಒಲಿಸುವುದು, ಐದು. ಸುಳ್ಳು ಹೇಳುವುದು, ಸೊನ್ನೆ. ಹೆದರಿಸುವುದು, ಸೊನ್ನೆಗಿಂತ ಒಂದು ಕಡಿಮೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇದೇನಮ್ಮಾ, ಹೆದರಿಸೋದಕ್ಕೂ ಒಂದು ಅಂಕಿನಾ?"

"ಹೂಂ ಮತ್ತೆ. ಏನು ಮಾಡ್ತೀನಿ ಅಂತ ಹೇಳ್ಬೇಕು, ದಾಳ ಹಾಕ್ಬೇಕು, ಬಿದ್ದಿದ್ದಕ್ಕೆ ಆ ಅಂಕಿ ಸೇರಿಸ್ಬೇಕು. ನಿಮಗೆ ಮಾತಾಡೋಕೆ ಬರದೇ ಇದ್ರೂ ಪರವಾಗಿಲ್ಲ, ಪಾತ್ರಕ್ಕೆ ಬಂದ್ರೆ ಸಾಕು. ನಿಮಗೆ ಚೆನ್ನಾಗಿ ಬಂದು ಪಾತ್ರಕ್ಕೆ ಬರಲ್ಲ ಅಂದ್ರೆ, ಇಲ್ಲ, ಅಷ್ಟೇ."

"ನಾನು ಇದಕ್ಕೆ ಯಾವಾಗ್ಲೂ ತಕರಾರು ಮಾವ," ಅಂದ ಅಳಿಯ. "ಬಾಯಿ ಇರೋನು ಬಾಯಿ ಬಿಟ್ಟು ಮಾತಾಡ್ಲಿ. ದಾಳ ಯಾಕೆ?"

"ದಾಳ ಇಲ್ದೇ ಹೋದ್ರೆ ನಾನು ಬರೋದೇ ಇಲ್ಲಪ್ಪ," ಎಂದರು ಟೀಚರು ಮೇಜಿನ ಕಡೆ ನೋಡುತ್ತ. ತರಗತಿಯ ಮಕ್ಕಳನ್ನು ಸುಮ್ಮನಿರಿಸಲಾರದೆ ಕಣ್ಣಲ್ಲಿ ನೀರು ತಂದುಕೊಳ್ಳುವ ಹೆಂಗಸು. ಇಲ್ಲಿ ಅವರ ಪಾತ್ರ ಇಬ್ಬರು ರಾಜರ ನಡುವೆ ಸಂಧಿ ಮಾಡಿಸಿತ್ತಂತೆ. 'ನಾನು ಒಳ್ಳೇ ಮಾತಲ್ಲಿ ಹೇಳ್ತೀನಿ' ಎಂದಿಷ್ಟೇ ಹೇಳಿ ದಾಳ ಉರುಳಿಸಿದ್ದರಂತೆ. ಹಾಳೆ ಹಿಡಿದು ಕೂತಿದ್ದ ಅವರಿಗೆ ಇದು ವಿಚಿತ್ರ ಅನ್ನಿಸಿತು, ಸ್ವಲ್ಪ ಅವಮಾನವೂ ಅನ್ನಿಸಿತು. ತಾವು ಒಂದು ಆಯುಷ್ಯ ಸವೆಸಿ ಕಲಿತದ್ದನ್ನು ಈ ಹೆಂಗಸು ಬೆರಳ ತುದಿಯಲ್ಲಿ ಉರುಳಿಸಿ ಗೆಲ್ಲುತ್ತಾಳೆ.

ಆಟದಲ್ಲಿ ಇವರ ಗುಂಪು ಒಬ್ಬ ದೋಣಿಯವನನ್ನು ಹಿಡಿದು ಕಟ್ಟಿಹಾಕಿತ್ತು. ಅಪಹರಿಸಿದ ಹುಡುಗಿಯನ್ನು ಅವನ ದೋಣಿಯಲ್ಲೇ ಸಾಗಿಸಿದ್ದಾರೆ; ದೋಣಿ ಎಲ್ಲಿ ಅಡಗಿದೆ ಎಂದು ಅವನು ಬಾಯಿಬಿಡಬೇಕು. ಅವನಿಗೊಬ್ಬ ತಮ್ಮ, ಜೌಗಿನಲ್ಲಿ ತಲೆಮರೆಸಿಕೊಂಡಿದ್ದಾನೆ. ಇಷ್ಟನ್ನು ಮಗಳು ಹೇಳಿ ದೋಣಿಯವನಂತೆ ಭುಜ ಕುಗ್ಗಿಸಿ ಕೂತಳು. ಅಳಿಯ ಮೇಜು ಗುದ್ದಿ, "ಏಯ್! ಬೊಗಳ್ತೀಯೋ, ಕರುಳು ಬಗೀಲೋ!" ಎಂದು ಅಬ್ಬರಿಸಿ ದಾಳ ಹಾಕಿದ. ಮೂರು ಬಿತ್ತು. ದೋಣಿಯವನು ಒರಟು ದನಿಯಲ್ಲಿ, "ಬಗೀರಿ ಸ್ವಾಮಿ, ಆದ್ರೆ ಕತ್ತಿ ಹಿಡಿ ಯಾವ ಕಡೆ ಅಂತ ಮೊದ್ಲು ನೋಡ್ಕೊಳ್ಳಿ," ಎಂದ. ಎಲ್ಲರೂ ನಕ್ಕರು. ಟೀಚರು ಒಳ್ಳೇ ಮಾತಲ್ಲಿ ಕೇಳಿದರು. ಹದಿನೇಳು ಬಿದ್ದಾಗ ದೋಣಿಯವನ ಕಣ್ಣು ಒದ್ದೆಯಾಯಿತು, ಆದರೆ ಆಣೆ ಮಾಡಿದ್ದೀನಮ್ಮಾ ಎಂದು ತಲೆ ತಗ್ಗಿಸಿದ.

"ನಾನು ಕೇಳ್ಲಾ?" ಎಂದರು ಅವರು.

ತಮ್ಮ ದನಿ ಎಷ್ಟು ಮೆತ್ತಗೆ ಬಂತೆಂದರೆ ಅವರಿಗೇ ಒಂದು ಕ್ಷಣ ಗಾಬರಿಯಾಯಿತು. ಮೈ ತನ್ನ ಕೆಲಸ ತಾನು ಶುರುಮಾಡಿಬಿಟ್ಟಿತ್ತು. ಕುರ್ಚಿಯನ್ನು ಮೇಜಿನ ಆಚೆಯಿಂದ ತಂದು ಮಗಳ ಪಕ್ಕಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಹಾಕಿಕೊಂಡರು. ನಡುವೆ ಮೇಜಿದ್ದರೆ ಮನುಷ್ಯ ಅದರ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. "ಆ ಫ್ಯಾನು ಸ್ವಲ್ಪ ಆರಿಸಿ," ಎಂದರು ಅಳಿಯನಿಗೆ. ಫ್ಯಾನು ನಿಧಾನಕ್ಕೆ ನಿಂತು ಕೋಣೆಯ ಸದ್ದೆಲ್ಲ ಇಳಿದುಹೋಗುವವರೆಗೆ ಏನೂ ಮಾತಾಡಲಿಲ್ಲ. ಆಮೇಲೆ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಸರಿಸಿ, ಕೈ ಮಾತ್ರ ಲೋಟದಿಂದ ತೆಗೆಯಲಿಲ್ಲ.

"ಬಾಯಾರಿದೆಯೇನೋ."

"ಇಲ್ಲ ಸ್ವಾಮಿ," ಎಂದ ದೋಣಿಯವನು.

"ಭಯ ಬೀಳ್ಬೇಡ. ನಾನು ಏನೂ ಕೇಳೋಕೆ ಬಂದಿಲ್ಲ. ಕೇಳೋದೇನೂ ಉಳಿದಿಲ್ಲ." ಅವರು ಮುಗುಳ್ನಕ್ಕರು. "ತಮ್ಮ ಇದ್ದಾನೆ ಅಂದ್ಯಲ್ಲ."

"ಹೂಂ."

"ನಿನಗಿಂತ ಚಿಕ್ಕೋನು."

"ಹೂಂ."

"ಪಾಪ, ಅಳ್ತಾ ಇದ್ದ. ಈಗ ತಾನೇ ಅವನ ಹತ್ರ ಕೂತಿದ್ದು ಬಂದೆ. ಒಳ್ಳೇ ಹುಡುಗ. ಎಲ್ಲಾ ಹೇಳಿಬಿಟ್ಟಿದ್ದಾನೆ. ನಿನ್ನ ಮೇಲೆ ಏನೂ ತಪ್ಪಿಲ್ಲ. ನೀನು ಬರೀ ಹೂಂ ಅಂದ್ರೆ ಸಾಕು, ಎದ್ದು ಹೋಗಬಹುದು."

"ಹೂಂ," ಎಂದಳು ಮಗಳು.

ಅದು ದೋಣಿಯವನ ದನಿಯಾಗಿರಲಿಲ್ಲ. ತೆಳ್ಳಗೆ, ಮೂಗಿನಿಂದ ಬಂದ, ಎಷ್ಟೋ ವರ್ಷದಿಂದ ಯಾರೂ ಬಳಸದ ದನಿ. ಟೀಚರು ತಲೆ ಎತ್ತಿ ನೋಡಿದರು. ಅಳಿಯ, "ಅಬ್ಬಾ ಮಾವ, ನನಗೇ ಬೆವರು ಬಂತು! ಇದಕ್ಕೆ ದಾಳ ಯಾಕೆ, ಬಾಯಿಬಿಟ್ಟ ಅಂತ ಬರಕೋ," ಎಂದು ಚಪ್ಪಾಳೆ ತಟ್ಟಿದ. ಅವರಿಗೂ ಒಳಗೆ ಬೆಚ್ಚಗಾಗಿತ್ತು. ಮುದುಕನೆಂದು ಮೂಲೆಗಿಟ್ಟಿದ್ದವರ ಮುಂದೆ ಕೈಚಳಕ ತೋರಿಸಿದ ಬಿಸುಪು. ಆದರೆ ಮಗಳು ನಗಲಿಲ್ಲ. ಅವಳು ಅವರನ್ನು ನೋಡುತ್ತಲೂ ಇರಲಿಲ್ಲ. ಲೋಟದ ಮೇಲಿದ್ದ ಅವರ ಕೈಯನ್ನು ನೋಡುತ್ತಿದ್ದಳು.

"ದಾಳ ಹಾಕ್ಬೇಕು," ಎಂದಳು. "ಯಾವ ಅಂಕಿ ಸೇರಿಸ್ಬೇಕು ಅಂತ ನನಗೆ ಗೊತ್ತಾಗ್ಬೇಕು. ತಮ್ಮ ನಿಜವಾಗ್ಲೂ ಹೇಳಿದ್ರೆ ಇದು ಹೆದರಿಸೋದು. ಹೇಳದೇ ಇದ್ರೆ ಸುಳ್ಳು. ಅವನು ಹೇಳಿದ್ನಾ ಅಪ್ಪ?"

"ಲೇ, ಅವನ ತಮ್ಮ ನಮ್ಮ ಕೈಗೇ ಸಿಕ್ಕಿಲ್ವಲ್ಲೇ," ಎಂದ ಅಳಿಯ.

"ನಾನು ಅಪ್ಪನ್ನ ಕೇಳಿದ್ದು. ಪಾತ್ರ ಪಾತ್ರಕ್ಕೆ ಏನು ಬೇಕಾದ್ರೂ ಹೇಳ್ಕೋಬಹುದು. ನಡೆಸೋರಿಗೆ ನಿಜ ಹೇಳ್ಬೇಕು. ಅದು ನಿಯಮ."

"ಸುಳ್ಳು," ಎಂದರು ಅವರು, ಸಲೀಸಾಗಿ. ಅಂದ ಮೇಲೆ ಆ ಪದ ಮೇಜಿನ ಮೇಲೆ ಕೂತು ತಮ್ಮನ್ನೇ ನೋಡುತ್ತಿದೆ ಎನ್ನಿಸಿತು.

"ಆವತ್ತು?"

ಯಾವತ್ತು ಎಂದು ಕೇಳಬಹುದಾಗಿತ್ತು. ಎದುರಿಗಿದ್ದವನು 'ಯಾವತ್ತು ಸಾರ್' ಎಂದು ಕೇಳಿದ ಕೂಡಲೇ ಅವನಿಗೆ ಗೊತ್ತಿದೆ ಎಂದು ತಿಳಿದುಕೊಳ್ಳಬೇಕು, ಇದು ಅವರೇ ಹೊಸಬರಿಗೆ ಹೇಳಿಕೊಟ್ಟ ಪಾಠ. ಆವತ್ತು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಡ್ರೈವಿಂಗ್ ಸ್ಕೂಲಿನ ಹಳದಿ ಕಾರ್ಡು ಸಿಕ್ಕಿತ್ತು. ಹೆಂಡತಿಯ ಫೋಟೋ ಅಂಟಿಸಿದ ಕಾರ್ಡು, ಹನ್ನೊಂದು ದಿನಕ್ಕೆ ಸಹಿ ಬಿದ್ದಿತ್ತು. ಫೋಟೋದಲ್ಲಿ ಅವಳು ಅವರೆಂದೂ ನೋಡಿರದ ಒಂದು ಮುಖ ಮಾಡಿಕೊಂಡಿದ್ದಳು, ತುಟಿ ಬಿಗಿದು, ಗದ್ದ ಎತ್ತಿ. ಕಾರು ಕಲಿಯುತ್ತಿದ್ದಾಳೆ. ಕಲಿಯಲಿ, ಅದರಲ್ಲೇನೂ ತಪ್ಪಿರಲಿಲ್ಲ. ಕೇಳಿದ್ದರೆ ಡಿಪೋದ ಮೈದಾನದಲ್ಲಿ ತಾವೇ ಕಲಿಸುತ್ತಿದ್ದರು. ಎಷ್ಟೋ ವರ್ಷ ತಮಗೆ ತಾವೇ ಹೀಗೆ ಹೇಳಿಕೊಂಡಿದ್ದರು. ಸಹಿಸಲಾಗದ್ದು ಬೇರೆ: ಮನೆಯಲ್ಲಿ ಮೂರು ಜನಕ್ಕೆ ಗೊತ್ತಿದ್ದದ್ದು ತಮಗೊಬ್ಬರಿಗೆ ಗೊತ್ತಿರಲಿಲ್ಲ. ಕಾರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿ ಕೇಳಿದ್ದರು: ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವಳು ಸ್ಕೂಲಿನ ಮೈದಾನ ಸುತ್ತಿದ್ದಳು. ಮೂವರೂ ಊಟದ ಹೊತ್ತಿಗೆ ಸುಮ್ಮಸುಮ್ಮನೆ ನಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಕಾರ್ಡನ್ನು ಇದ್ದ ಜಾಗದಲ್ಲೇ ಇಟ್ಟರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಗೊತ್ತಿದ್ದದ್ದನ್ನೇ ಇನ್ನೊಬ್ಬರ ಬಾಯಿಂದ ಕೇಳುವುದು ಅವರ ಕೆಲಸವಾಗಿತ್ತು, ಮತ್ತು ಕೆಲಸವನ್ನು ಅವರು ಡಿಪೋದ ಗೇಟಿನಲ್ಲಿ ಬಿಟ್ಟು ಬಂದವರಲ್ಲ. ಹೆಂಡತಿ ಹೊರಗೆ ಹೋಗಿದ್ದ ಮಧ್ಯಾಹ್ನ ಹನ್ನೊಂದು ವರ್ಷದ ಮಗಳನ್ನು ಅಡುಗೆಮನೆಯಲ್ಲಿ, ಒಂಬತ್ತು ವರ್ಷದ ಮಗನನ್ನು ಮಲಗುವ ಕೋಣೆಯಲ್ಲಿ ಕೂರಿಸಿದರು. ಮಗಳಿಗೆ ಹತ್ತು ನಿಮಿಷ ಸಾಕಾಯಿತು. 'ತಮ್ಮ ಎಲ್ಲಾ ಹೇಳಿಬಿಟ್ಟಿದ್ದಾನೆ, ನೀನು ಬರೀ ಹೂಂ ಅನ್ನು.' ಅವಳು ಹೂಂ ಅಂದು, ಲೋಟದ ನೀರು ಪೂರ್ತಿ ಕುಡಿದು, ಆಡಲು ಹೋದಳು.

ಹುಡುಗ ಮಾತ್ರ ಮಾತಾಡಲಿಲ್ಲ. ಅಕ್ಕ ಹೇಳಿಬಿಟ್ಟಳು ಎಂದರು; ಈ ಸಲ ನಿಜವನ್ನೇ ಹೇಳಿದ್ದರು. ಅವನು ಅವರ ಅಂಗಿಯ ಗುಂಡಿ ನೋಡುತ್ತ ಕೂತ. ಅಮ್ಮನಿಗೇನೂ ಆಗಲ್ಲ ಎಂದರು. ಗುಂಡಿ ನೋಡುತ್ತ ಕೂತ. ಸಂಜೆಯಾಗಿ ಲೈಟು ಹಾಕುವ ಹೊತ್ತಿಗೆ ಅವನ ಚಡ್ಡಿ ಒದ್ದೆಯಾಗಿ ಕುರ್ಚಿಯ ಕೆಳಗೆ ನೀರು ಹರಿದಿತ್ತು. ಬಾಯಿ ಮಾತ್ರ ಹೊಲಿದ ಹಾಗೆ. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಅಂಥ ಇನ್ನೊಬ್ಬ ಮನುಷ್ಯನನ್ನು ಅವರು ನೋಡಲಿಲ್ಲ. ಎದ್ದು ಬಂದರು. ಒರಸುವ ಬಟ್ಟೆ ತಂದು ತಾವೇ ಒರಸಿದರು, ಅದೊಂದು ನೆನಪಿದೆ. ಹೆಂಡತಿ ಬಂದಾಗ, ಇನ್ನೂ ಚಪ್ಪಲಿ ಬಿಡುವ ಮೊದಲೇ, ಹುಡುಗನಿಗೆ ಕೇಳುವ ಹಾಗೆ, ಅದೇ ಮೆತ್ತನೆಯ ದನಿಯಲ್ಲಿ ಹೇಳಿದ್ದರು: 'ಕಾರು ಕಲೀತಿದ್ದೀಯಂತೆ. ನಿನ್ನ ಮಗನೇ ಹೇಳಿದ.' ಯಾಕೆ ಹಾಗಂದರು? ಒಂಬತ್ತು ವರ್ಷದ ಹುಡುಗನ ಎದುರು ಸೋತದ್ದನ್ನು ಎಲ್ಲಾದರೂ ತೀರಿಸಿಕೊಳ್ಳಬೇಕಿತ್ತು. ಇದನ್ನು ಅವರು ಇಷ್ಟು ಸ್ಪಷ್ಟವಾಗಿ ಇಷ್ಟು ದಿನ ಯೋಚಿಸಿರಲೇ ಇಲ್ಲ. ಹುಡುಗ ಬಾಗಿಲಲ್ಲಿ ನಿಂತು ಅಮ್ಮನ ಮುಖ ನೋಡಿದ. ಆಗಲೂ ಅಲ್ಲ ಅನ್ನಲಿಲ್ಲ. ಅಂದಿದ್ದರೆ, ಹಾಗಾದ್ರೆ ಯಾರು ಎಂದು ಅಮ್ಮ ಕೇಳುತ್ತಿದ್ದಳಲ್ಲ.

ಹೆಂಡತಿ ಮತ್ತೆ ಕ್ಲಾಸಿಗೆ ಹೋಗಲಿಲ್ಲ. ಜಗಳವಾಗಲಿಲ್ಲ. ಆಮೇಲಿನಿಂದ ಅವಳು ಮಗಳ ಹತ್ತಿರ ಏನಾದರೂ ಹೇಳುವಾಗ ಹುಡುಗ ಬಂದರೆ ಮಾತು ನಿಲ್ಲಿಸುತ್ತಿದ್ದಳು. ತಮಾಷೆಯಾಗಿಯೇ, 'ಇವನು ಅಪ್ಪನ ಪಾರ್ಟಿ' ಅನ್ನುತ್ತಿದ್ದಳು. ಮಗಳು ಅವನಿಗೆ 'ಚಾಡಿ' ಎಂದು ಹೆಸರಿಟ್ಟಳು. ಚಾಡಿ ಊಟಕ್ಕೆ ಬಾ, ಚಾಡಿ ನನ್ನ ಪೆನ್ಸಿಲ್ ಕೊಡು. ಮನೆಯಲ್ಲಿ ಅದೇ ಹೆಸರಾಗಿ ಉಳಿಯಿತು. ಅವನು ಕರೆದರೆ ಓಗೊಡುತ್ತಿದ್ದ. ಹತ್ತೊಂಬತ್ತಕ್ಕೆ ಲಿಫ್ಟ್ ರಿಪೇರಿ ಕಲಿತು ಬೇರೆ ಊರು ಸೇರಿದ. ಅಮ್ಮ ಸತ್ತಾಗ ಬಂದು, ಒಂದು ದಿನ ಇದ್ದು, ಯಾರ ಹತ್ತಿರವೂ ಹೆಚ್ಚು ಮಾತಾಡದೆ ಹೋದ. ಎಂಟು ವರ್ಷವಾಯಿತು.

"ಹೇಳಿ ಅಪ್ಪ," ಎಂದಳು ಮಗಳು. "ಆವತ್ತು ಅವನು ಹೇಳಿದ್ನಾ?"

"ಏನು ನಡೀತಿದೆ?" ಎಂದ ಅಳಿಯ. ಟೀಚರು ಸದ್ದಿಲ್ಲದೆ ಎದ್ದು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೀನಿ ಎಂದೋ ಏನೋ ಹೇಳಿ ಮೆಟ್ಟಿಲ ಕಡೆ ಹೋದರು.

"ನೋಡಮ್ಮಾ, ನಿಮ್ಮಮ್ಮ ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ನಾನೇ ಕಲಿಸ್ತಿದ್ದೆ…"

"ಅದಲ್ಲ ನಾನು ಕೇಳಿದ್ದು."

ಅವಳು ಕಾದಳು. ದನಿ ಎತ್ತಲಿಲ್ಲ, ಅತ್ತ ಇತ್ತ ನೋಡಲಿಲ್ಲ, ಕಾದಳು. ಹೊರಗೆ ಯಾರದೋ ಸ್ಕೂಟರು ಶುರುವಾಗದೆ ಕೆಮ್ಮುತ್ತಿತ್ತು. ಅವರ ಎಡಗಾಲು ಬಲಗಾಲಿನ ಮೇಲೆ ಬಂದದ್ದು, ಮತ್ತೆ ಇಳಿದದ್ದು ಅವರಿಗೇ ಕಾಣಿಸಿತು.

"ಇಲ್ಲ," ಎಂದರು. "ಅವನು ಏನೂ ಹೇಳಲಿಲ್ಲ. ಕೊನೇವರೆಗೂ ಹೇಳಲಿಲ್ಲ."

"ಹಾಗಾದ್ರೆ ಹೇಳಿದ್ದು ನಾನು."

"ನೀನು ಚಿಕ್ಕೋಳು."

"ಅವನು ನನಗಿಂತ ಚಿಕ್ಕೋನು ಅಪ್ಪ." ಅವಳು ಎರಡೂ ಅಂಗೈ ಮೇಜಿನ ಮೇಲೆ ಊರಿದಳು. "ಅವನು ಮೊದ್ಲು ಹೇಳಿದ, ನಾನು ಬರೀ ಹೂಂ ಅಂದೆ. ಮೂವತ್ತು ವರ್ಷದಿಂದ ಇದನ್ನೇ ಇಟ್ಕೊಂಡು ಬದುಕಿದ್ದೀನಿ. ಅಮ್ಮ ಆಸ್ಪತ್ರೇಲಿ ಅವನನ್ನ ಕರೆಸಬೇಕಾ ಅಂದಾಗ, ಬೇಡಮ್ಮಾ, ಅವನು ಬಂದು ಏನು ಮಾಡ್ತಾನೆ ಅಂದೋಳು ನಾನು. ಅಮ್ಮನಿಗೆ ಗೊತ್ತಿತ್ತಾ? ಅವನಲ್ಲ ಅಂತ?"

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಗೊತ್ತಿತ್ತು, ಆಮೇಲೆ ಯಾವತ್ತೋ ನಾನೇ ಹೇಳಿದೆ ಎಂದರೆ ಮಗಳ ಭುಜದ ಭಾರ ಅರ್ಧ ಇಳಿಯುತ್ತಿತ್ತು. ಸತ್ತವಳು ಬಂದು ಅಲ್ಲ ಅನ್ನುವಂತಿರಲಿಲ್ಲ. ನಾಲಗೆಯ ತುದಿಗೆ ಅದು ಸಿದ್ಧವಾಗಿ ಬಂದದ್ದನ್ನು, ಎಷ್ಟು ನುಣ್ಣಗೆ, ಎಷ್ಟು ಕರುಣೆಯ ವೇಷದಲ್ಲಿ ಬಂತೆನ್ನುವುದನ್ನು ಕಂಡು ಅವರು ಲೋಟದ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡರು.

"ಗೊತ್ತಿರಲಿಲ್ಲ. ಅವನೇ ಹೇಳಿದ ಅಂತ ನಾನೇ ಅವಳಿಗೆ ಹೇಳಿದ್ದು. ಆಮೇಲೂ ಸರಿಮಾಡಲಿಲ್ಲ."

ಅಳಿಯ ಫ್ಯಾನಿನ ಸ್ವಿಚ್ಚಿನ ಬಳಿ ಕೈಯಿಟ್ಟು ನಿಂತವನು ಹಾಗೇ ನಿಂತಿದ್ದ. ಮಗಳು ಫೋನು ತೆಗೆದುಕೊಂಡಳು. ಪರದೆಯ ಮೇಲೆ 'ಚಾಡಿ' ಎಂದು ಮೂಡಿದ್ದು ಅವರಿಗೂ ಕಂಡಿತು, ಅವಳಿಗೂ ಕಂಡಿತು. ಅವಳು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಾಜಿನಾಚೆ ಅವಳ ಬೆನ್ನು. ಮೊದಲು ಅವಳು ತುಂಬ ಮಾತಾಡಿದಳು, ಕೈ ಗಾಳಿಯಲ್ಲಿ ಆಡುತ್ತಿತ್ತು. ಆಮೇಲೆ ಅವನು ಏನೋ ಹೇಳಿದಂತಿತ್ತು. ಅವಳು ಕಂಬಿಗೆ ಒರಗಿ ನಿಧಾನವಾಗಿ ಕೆಳಗೆ ಕೂತುಬಿಟ್ಟಳು. "ನೀನು ಯಾಕೋ ಹೇಳಲಿಲ್ಲ?" ಎಂದದ್ದು ಮಾತ್ರ ಒಳಗೆ ಕೇಳಿಸಿತು. "ಒಂದು ಸಲಾನಾದ್ರೂ ಯಾಕೋ ಹೇಳಲಿಲ್ಲ?" ಬಹಳ ಹೊತ್ತಾದ ಮೇಲೆ ಎದ್ದು ಬಂದು, ಮುಖ ಬೇರೆ ಕಡೆ ಮಾಡಿ, ಫೋನನ್ನು ಅವರ ಮುಂದೆ ಹಿಡಿದಳು.

"ಕೊಡು ಅಂದ."

ಅವರು ಕಿವಿಗಿಟ್ಟುಕೊಂಡರು. ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು. ಭಾನುವಾರವೂ ಅವನು ಯಾವುದೋ ಕಟ್ಟಡದ ತುದಿಯಲ್ಲಿ, ಲಿಫ್ಟಿನ ಮೋಟಾರಿನ ಪಕ್ಕ ಕೂತಿದ್ದಾನೆ. ಉಸಿರು ಕೇಳುತ್ತಿತ್ತು. ಕ್ಷಮಿಸು ಎನ್ನುವ ಪದವನ್ನು ಅವರು ಬೇರೆಯವರಿಂದ ಬರೆಸಿಕೊಂಡಿದ್ದರು, ಸಹಿ ಹಾಕಿಸಿ ಫೈಲಿಗೆ ಸೇರಿಸಿದ್ದರು. ತಮ್ಮ ಬಾಯಲ್ಲಿ ಅದರ ಆಕಾರ ಹೇಗಿರುತ್ತದೆಂದು ಗೊತ್ತಿರಲಿಲ್ಲ.

"ಮಗಾ," ಎಂದರು. "ನೀನು ಏನೂ ಹೇಳಿರಲಿಲ್ಲ. ನನಗೆ ಗೊತ್ತು. ನೀನು ಒಂದು ಮಾತೂ ಹೇಳಿರಲಿಲ್ಲ."

ಯಂತ್ರ ನಿಂತಿತು. ಆಮೇಲೆ, ತಾವು ಗುರುತೇ ಹಿಡಿಯಲಾರದಷ್ಟು ದಪ್ಪವಾಗಿ ಹೋಗಿದ್ದ ಒಂದು ಗಂಡಸಿನ ದನಿ: "ಅದನ್ನ ಅಮ್ಮನಿಗೆ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು."

"ನನಗೆ ಗೊತ್ತಿರೋದನ್ನ ನನಗೆ ಯಾಕೆ ಹೇಳ್ತೀರಿ?" ಎಂದ ಅವನು. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಮರುಕ್ಷಣವೇ, "ಕೆಲಸ ಇದೆ," ಎಂದು ಇಟ್ಟುಬಿಟ್ಟ.

ಅವರು ಫೋನನ್ನು ಹಾಳೆಯ ಮೇಲೆ ಇಟ್ಟರು. ಅಳಿಯ ಎಲ್ಲಿಯೋ ಹೊರಗೆ ಹೋಗಿದ್ದ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ಮಗಳು ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಳು. ಅವರು ಹೋಗಿ ಬಾಗಿಲಲ್ಲಿ ನಿಂತರು. ಏನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು, "ಅಮ್ಮಾ," ಎನ್ನುವ ಒಂದು ಮಾತು, ರೂಢಿಯ ದನಿಯಲ್ಲಿ, ಮೆತ್ತಗೆ.

ಅವಳ ಹೆಗಲು ತಟಕ್ಕನೆ ಕಿವಿಯವರೆಗೆ ಏರಿತು. ತೊಳೆಯುತ್ತಿದ್ದ ಕಪ್ಪು ಅವಳ ಕೈಯಿಂದ ಜಾರಿ ತೊಟ್ಟಿಯಲ್ಲಿ ಬಿತ್ತು, ಒಡೆಯಲಿಲ್ಲ. ಅವಳು ತಿರುಗಿ ನೋಡದೆ ಕಲ್ಲಿನ ಹಾಗೆ ನಿಂತಳು, ಹೆಗಲು ಏರಿಸಿಕೊಂಡೇ, ನಲ್ಲಿಯ ನೀರು ಮಣಿಕಟ್ಟಿನ ಮೇಲೆ ಸುರಿಯುತ್ತಿದ್ದರೂ ಕೈ ಸರಿಸದೆ. ನಲವತ್ತೊಂದು ವರ್ಷದ ಹೆಂಗಸು. ಕೆಲಸಕ್ಕೆ ಹೋಗುತ್ತಾಳೆ, ಮನೆ ನಡೆಸುತ್ತಾಳೆ, ಗಂಡನನ್ನು ಗದರುತ್ತಾಳೆ. ಅವರ ಎದುರಿಗೆ ಮಾತ್ರ ತಗ್ಗಿದ ದನಿ, ಕೇಳುವ ಮೊದಲೇ ಮುಂದೆ ಬರುವ ನೀರು, ಮಾತ್ರೆ, ತೊಳೆದು ಮಡಿಸಿದ ಬಟ್ಟೆ. ಅಪ್ಪನೆಂದರೆ ಇವಳಿಗೆ ಎಷ್ಟು ಗೌರವ ಎಂದು ಅವರು ನೆಂಟರ ಮುಂದೆ ಹೇಳಿಕೊಂಡು ತಿರುಗಿದ್ದರು.

"ಏನಪ್ಪ?" ಎಂದಳು ಅವಳು, ಗೋಡೆಯ ಕಡೆ ಮುಖ ಮಾಡಿಯೇ.

"ಏನಿಲ್ಲ," ಎಂದರು.

ಆ ಒಂದು ಪದವನ್ನೂ ಹೇಗೆ ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಜೋರಾಗಿ ಹೇಳಲು ಹೋದರು, ಗಂಟಲು ಒಡೆದು ಕರ್ಕಶವಾಗಿ ಬಂತು, ಅವಳು ಇನ್ನಷ್ಟು ಬೆಚ್ಚಿದಳು. ಆಮೇಲೆ ಅವರು ಮಾಡಬಹುದಾಗಿದ್ದದ್ದು ಒಂದೇ ಉಳಿದಿತ್ತು. ಹೆಜ್ಜೆಯ ಸದ್ದು ಚೆನ್ನಾಗಿ ಕೇಳುವ ಹಾಗೆ, ತಾವು ದೂರ ಹೋಗುತ್ತಿರುವುದು ಅವಳಿಗೆ ಗೊತ್ತಾಗುವ ಹಾಗೆ, ಕಾಲು ಎಳೆದುಕೊಂಡು ಕೋಣೆಗೆ ನಡೆದು, ಬಾಗಿಲು ಹಾಕಿಕೊಂಡರು.